ಶಂಖದ ಬಳೆಯೂ ಶಾರ್ಕ್ ಮೀನೂ

ನನ್ನ ತವರು ಲಿಂಗಸುಗೂರು, ಕೊಟ್ಟ ಮನೆ ಸಿಂಧನೂರು. ಎರಡರ ನಡುವೆ ಮಸ್ಕಿ. ಮದುವೆಯಾದಂದಿನಿಂದ ಈ ದಾರಿಯಲ್ಲಿ ಎಷ್ಟು ಸಲ ಬಸ್ಸು ಹತ್ತಿ ಇಳಿದಿದ್ದೇನೋ ಲೆಕ್ಕವಿಲ್ಲ. ಒಂದು ಕಡೆ ಕೆಂಪು ಕಲ್ಲುಗುಡ್ಡ, ಇನ್ನೊಂದು ಕಡೆ ಕಾಲುವೆ ಬಂದ ಮೇಲೆ ಹಸಿರಾದ ಭತ್ತದ ಗದ್ದೆ. ಈ ಮೂರು ಊರಿಗೂ ಕಡಲಿಗೂ ಯಾವ ನಂಟೂ ಇಲ್ಲವೆಂದೇ ನಾನು ಬಹಳ ವರ್ಷ ನಂಬಿದ್ದೆ. ಪೂರ್ವದ ಕಡಲಾಗಲಿ ಪಶ್ಚಿಮದ ಕಡಲಾಗಲಿ ನಮಗೆ ನೂರಾರು ಕಿಲೋಮೀಟರು ದೂರ. ನೀರಿನ ಭಯವೆಂದರೆ ನಮ್ಮಲ್ಲಿ ಮೊಸಳೆಯ ಭಯ. ಜಲದುರ್ಗದ ಕಡೆ ಕೃಷ್ಣೆಗೆ ಹೋದಾಗಲೆಲ್ಲ ನಮ್ಮವ್ವ, "ಮಡುವಿಗೆ ಇಳೀಬ್ಯಾಡ್ರಿ, ಮೊಸಳಿ ಐತಿ" ಎಂದು ಕೂಗುತ್ತಲೇ ಇರುತ್ತಿದ್ದಳು. ಶಾರ್ಕ್ ಎನ್ನುವ ಮೀನು ನಮಗೆ ಪಾಠಪುಸ್ತಕದ ಚಿತ್ರದಲ್ಲಿ ಮಾತ್ರ ಇತ್ತು. ಅದು ನಮ್ಮ ಮನೆ ಬಾಗಿಲಿಗೆ ಬಂದದ್ದು ಒಂದು ಬಳೆಯ ಮೂಲಕ.

ಸಿಂಧನೂರಿನ ಸುತ್ತಮುತ್ತ ಆರ್.ಎಚ್. ಕ್ಯಾಂಪುಗಳೆಂದು ಕರೆಯುವ ವಸತಿಗಳಿವೆ. ಪೂರ್ವ ಬಂಗಾಳವನ್ನು ಬಿಟ್ಟು ಬಂದ ನಿರಾಶ್ರಿತ ಕುಟುಂಬಗಳನ್ನು ಸರ್ಕಾರ ಅರ್ಧ ಶತಮಾನದ ಹಿಂದೆ ಇಲ್ಲಿಗೆ ತಂದು ನೆಲೆಗೊಳಿಸಿತು. ನಮ್ಮ ಓಣಿಗೆ ಅಲ್ಲಿಂದ ಒಬ್ಬ ಹೆಂಗಸು ತರಕಾರಿ ಮಾರಲು ಬರುತ್ತಿದ್ದಳು. ಅವರ ಭಾಷೆಯಲ್ಲಿ ಅತ್ತಿಗೆಗೆ ಬೌದಿ ಎನ್ನುತ್ತಾರೆಂದು ತಿಳಿದು ನಾವೆಲ್ಲ ಅವಳನ್ನು ಹಾಗೆಯೇ ಕರೆಯುತ್ತಿದ್ದೆವು. ಅವಳ ಎರಡು ಕೈಗಳಲ್ಲೂ ಒಂದೊಂದು ಬಿಳಿ ಬಳೆ, ಅದರ ಪಕ್ಕದಲ್ಲಿ ಒಂದು ಕೆಂಪು. ನಮ್ಮ ಗಾಜಿನ ಬಳೆಯಂತೆ ಸದ್ದು ಮಾಡುವ ಬಳೆಯಲ್ಲ ಅದು, ಮಾತಿಲ್ಲದ ಬಳೆ. "ಇದು ಶಾಂಖಾ, ಗಂಡನ ಆಯುಷ್ಯಕ್ಕೆ" ಎಂದಿದ್ದಳು. ಎಲ್ಲಿಂದ ಬರುತ್ತದೆ ಎಂದು ಕೇಳಿದೆ. "ಢಾಕಾದಾಗ ಮಾಡ್ತಾರ. ನಮ್ಮತ್ತಿ ಕೊಟ್ಟದ್ದು" ಎಂದಳು. ಢಾಕಾಕ್ಕೆ ಎಲ್ಲಿಂದ ಬರುತ್ತದೆ ಎಂದರೆ, "ಸಮುದ್ರದಿಂದ" ಎಂದು ಬದನೆಕಾಯಿ ತೂಗತೊಡಗಿದಳು.

ಮುಂದೆ ಕೆಲವು ವರ್ಷಗಳಲ್ಲಿ ಅವಳ ಗಂಡ ತೀರಿಕೊಂಡ. ನಾನೂ ಹೋಗಿದ್ದೆ. ಗಾಜಿನ ಬಳೆಯಾದರೆ ಗೋಡೆಗೆ ಬಡಿದರೆ ಸಾಕು. ಶಂಖದ ಬಳೆ ಹಾಗಲ್ಲ, ಕಲ್ಲಿನಿಂದ ಜಜ್ಜಬೇಕು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅಂಗಳದಲ್ಲಿ ಬಿದ್ದ ಆ ಬಿಳಿ ಚೂರುಗಳನ್ನು ನೋಡಿದಾಗ, ಇಂಥವನ್ನೇ ಬೇರೆಲ್ಲೋ ಕಂಡಿದ್ದೇನೆ ಅನ್ನಿಸಿತು. ನೆನಪಾಗಲು ಎರಡು ದಿನ ಬೇಕಾಯಿತು. ಪುರಾತತ್ವದ ಪುಸ್ತಕಗಳ ಚಿತ್ರಗಳಲ್ಲಿ ಕಂಡಿದ್ದೆ. ನಮ್ಮ ದಖ್ಖನಿನ ಹಳೆಯ ದಿಬ್ಬಗಳಲ್ಲಿ ಸಿಕ್ಕ ಶಂಖದ ಬಳೆಯ ಚೂರುಗಳೂ ಹೀಗೆಯೇ ಇದ್ದವು.

ಮಸ್ಕಿ ಎಂದರೆ ಎಲ್ಲರಿಗೂ ಅಶೋಕನ ಶಾಸನ ನೆನಪಾಗುತ್ತದೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಎಂಬಾತ ಅದನ್ನು ಪತ್ತೆ ಮಾಡಿದ. ಅಲ್ಲಿಯವರೆಗೆ ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಕಾಣುತ್ತಿದ್ದ ಶಾಸನಗಳ ದೊರೆ ಅಶೋಕನೇ ಎಂದು ಹೆಸರಿಟ್ಟು ಹೇಳಿದ್ದು ನಮ್ಮ ಮಸ್ಕಿಯ ಬಂಡೆ. ಆದರೆ ಆ ಊರಿನ ಕಥೆ ಅಶೋಕನಿಗಿಂತ ಹಳೆಯದು. 1954ರಲ್ಲಿ ಬಿ.ಕೆ. ಥಾಪರ್ ಅವರು ಅಲ್ಲಿ ಉತ್ಖನನ ಮಾಡಿದಾಗ ತಾಮ್ರ-ಶಿಲಾಯುಗದ ಜನ ಬಾಳಿದ ಕುರುಹುಗಳು ಸಿಕ್ಕವು. ಬಣ್ಣದ ಕಲ್ಲುಮಣಿಗಳ ಜೊತೆಗೆ ಕಡಲ ಚಿಪ್ಪಿನಿಂದ ಮಾಡಿದ ವಸ್ತುಗಳೂ ದೊರೆತವು. ಅದಕ್ಕಿಂತ ಮೊದಲೇ, 19ನೇ ಶತಮಾನದಲ್ಲಿ, ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಸೀಮೆಯಲ್ಲೆಲ್ಲ ಓಡಾಡಿ ಹಳೆಯ ಕಲ್ಲಾಯುಧಗಳನ್ನೂ ಮಡಕೆ, ಬಳೆಗಳ ಚೂರುಗಳನ್ನೂ ಆರಿಸಿ ಇಟ್ಟಿದ್ದ. ಅಂದರೆ ನಮ್ಮ ಈ ಒಣ ನೆಲದ ಹೆಂಗಸಿನ ಮೈಮೇಲೆ ಸಾವಿರಾರು ವರ್ಷಗಳ ಹಿಂದೆಯೇ ಕಡಲು ಬಂದು ಕೂತಿತ್ತು. ಅದನ್ನು ನೀರಿನಿಂದ ಮೇಲೆ ತಂದವರು ಯಾರು? ಈ ಒಂದು ಪ್ರಶ್ನೆ ನನ್ನನ್ನು ಶಾರ್ಕ್ ಮೀನಿನ ಬಳಿಗೆ ಕರೆದೊಯ್ದಿತು.

ದೇವರ ಮನೆಯಲ್ಲಿ ಊದುವ ಶಂಖವೂ ಬಳೆಯಾಗುವ ಶಂಖವೂ ಒಂದೇ ಜಾತಿ. ಅದು ಒಂದು ದಪ್ಪ ಚಿಪ್ಪಿನ ಬಸವನಹುಳು. ಭಾರತ ಮತ್ತು ಶ್ರೀಲಂಕೆಯ ಕಡಲುಗಳಲ್ಲೇ ಹೆಚ್ಚಾಗಿ ಬದುಕುತ್ತದೆ. ಅದಕ್ಕೆ ಹೆಸರಾದ ನೆಲೆ ತಮಿಳುನಾಡಿಗೂ ಲಂಕೆಗೂ ನಡುವಿನ ಮನ್ನಾರ್ ಕೊಲ್ಲಿ. ತೂತುಕುಡಿ, ಕೀಳಕ್ಕರೆ, ರಾಮೇಶ್ವರದ ಕಡೆ ತೆಗೆದ ಶಂಖಗಳು ಹಡಗು ಹತ್ತಿ ಬಂಗಾಳಕ್ಕೆ ಹೋಗುತ್ತಿದ್ದವು. ಢಾಕಾದ ಶಾಂಖಾರಿ ಬಜಾರಿನಲ್ಲಿ ಅರ್ಧಚಂದ್ರಾಕಾರದ ದೊಡ್ಡ ಗರಗಸದಿಂದ ಅವನ್ನು ಕೊಯ್ದು ಬಳೆ ಮಾಡುತ್ತಿದ್ದರು. ಮದ್ರಾಸು ಪ್ರಾಂತದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಎಂಬವರು ಶಂಖದ ಮೇಲೆಯೇ 1914ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಅದನ್ನು ಓದಿದ ಮೇಲೆ ಬೌದಿಯ "ಸಮುದ್ರದಿಂದ" ಎಂಬ ಒಂದೇ ಮಾತು ನನಗೆ ಬಹಳ ದೊಡ್ಡದಾಗಿ ಕಂಡಿತು.

ಮುತ್ತಿನ ಚಿಪ್ಪೂ ಅದೇ ಕೊಲ್ಲಿಯಲ್ಲಿ ಸಿಗುತ್ತಿತ್ತು. ಎರಡನ್ನೂ ತೆಗೆಯುವ ವಿಧಾನ ಹೆಚ್ಚು ಕಡಿಮೆ ಒಂದೇ. ಬೆಳಗಿನ ಜಾವಕ್ಕೆ ದೋಣಿಗಳು ಹೊರಡುತ್ತವೆ. ಮುಳುಗುವವನು ಒಂದು ಭಾರದ ಕಲ್ಲಿನ ಹಗ್ಗದ ಕುಣಿಕೆಯಲ್ಲಿ ಕಾಲಿಟ್ಟು, ಮೂಗು ಹಿಡಿದು, ಎದೆ ತುಂಬ ಉಸಿರು ತುಂಬಿಕೊಂಡು ಇಳಿಯುತ್ತಾನೆ. ಕಲ್ಲು ಅವನನ್ನು ನೇರ ತಳಕ್ಕೆ ಒಯ್ಯುತ್ತದೆ. ಅಲ್ಲಿ ಅವನಿಗೆ ಸಿಗುವುದು ಸುಮಾರು ಒಂದು ನಿಮಿಷ. ಅಷ್ಟರೊಳಗೆ ಕೈಗೆ ಸಿಕ್ಕಷ್ಟು ಬಾಚಿ ಕೊರಳಿನ ಇಲ್ಲವೇ ಸೊಂಟದ ಬಲೆಚೀಲಕ್ಕೆ ತುಂಬಬೇಕು. ಆಮೇಲೆ ಹಗ್ಗ ಜಗ್ಗಬೇಕು. ಮೇಲೆ ದೋಣಿಯಲ್ಲಿ ಹಗ್ಗ ಹಿಡಿದು ನಿಂತವನು ಆ ಜಗ್ಗು ಕೈಗೆ ತಾಕಿದ ಕ್ಷಣವೇ ಎಳೆಯತೊಡಗಬೇಕು. ಅವನ ಕಣ್ಣು ಬೇರೆಡೆ ಹೋದರೆ ಕೆಳಗಿದ್ದವನ ಕಥೆ ಮುಗಿಯಿತು. ಇಬ್ಬರು ಸೇರಿ ಬದುಕುವ ಕೆಲಸ ಅದು: ಒಬ್ಬನ ಉಸಿರು, ಇನ್ನೊಬ್ಬನ ಕೈ.

ಆ ಒಂದು ನಿಮಿಷದಲ್ಲಿ ಬರಬಹುದಾದ ಅತಿಥಿಯೇ ಶಾರ್ಕ್. ನಮ್ಮ ಕರಾವಳಿಯವರು ಅದನ್ನು ತಾಟೆ ಎನ್ನುತ್ತಾರೆ, ಕೊಂಕಣಿಗರು ಮೋರಿ ಎನ್ನುತ್ತಾರೆ, ತಮಿಳರು ಸುರಾ ಎನ್ನುತ್ತಾರೆ. ಬಿಸಿಲ ನಾಡಿನ ಕಡಲುಗಳಲ್ಲಿ ನೂರಾರು ಬಗೆಯ ಶಾರ್ಕ್‌ಗಳಿವೆ. ಹೆಚ್ಚಿನವು ಮನುಷ್ಯನ ಗೊಡವೆಗೆ ಬಾರದವು. ಆದರೆ ಮೈಮೇಲೆ ಪಟ್ಟೆಯಿರುವ ಹುಲಿ ಶಾರ್ಕ್, ನದಿಯೊಳಕ್ಕೂ ನುಗ್ಗುವ ಗೂಳಿ ಶಾರ್ಕ್, ತಲೆ ಸುತ್ತಿಗೆಯಂತಿರುವ ಸುತ್ತಿಗೆ ಶಾರ್ಕ್ ಇವೆಲ್ಲ ಆಳೆತ್ತರವನ್ನು ಮೀರಿ ಬೆಳೆಯುತ್ತವೆ. ರಕ್ತದ ವಾಸನೆ ಅವಕ್ಕೆ ದೂರದಿಂದಲೇ ಹತ್ತುತ್ತದೆ. ಹತ್ತಿರ ಬಂದ ಮೇಲೆ ಇನ್ನೊಂದು ಜೀವಿಯ ಮೈಯಿಂದ ಹೊರಡುವ ಸಣ್ಣ ವಿದ್ಯುತ್ತನ್ನೂ ಗುರುತಿಸಬಲ್ಲ ರಂಧ್ರಗಳು ಮೂತಿಯ ಮೇಲಿವೆ. ಇಂಥ ಪ್ರಾಣಿಯ ಮನೆಗೆ ಲಂಗೋಟಿಯಲ್ಲಿ, ಒಂದು ಉಸಿರಿನ ಬಂಡವಾಳದಲ್ಲಿ, ದಿನಕ್ಕೆ ಹತ್ತಾರು ಸಲ ಇಳಿದವರು ನಮ್ಮ ನೆರೆಯ ನಾಡಿನ ಬಡವರು.

ಅವರಿಗೆ ಧೈರ್ಯ ಎಲ್ಲಿಂದ ಬಂತು? 13ನೇ ಶತಮಾನದ ಕೊನೆಯಲ್ಲಿ ಈ ಕಡೆ ಬಂದ ಮಾರ್ಕೊ ಪೋಲೊ ಒಂದು ಸ್ವಾರಸ್ಯದ ಸಂಗತಿ ಹೇಳುತ್ತಾನೆ. ಮುತ್ತಿನ ವ್ಯಾಪಾರಿಗಳು ತಮ್ಮ ಗಳಿಕೆಯಲ್ಲಿ ಹತ್ತನೇ ಒಂದು ಪಾಲನ್ನು ರಾಜನಿಗೆ ಕೊಡುತ್ತಿದ್ದರು. ಇಪ್ಪತ್ತನೇ ಒಂದು ಪಾಲನ್ನು, ದೊಡ್ಡ ಮೀನುಗಳ ಬಾಯಿ ಕಟ್ಟುವ ಮಂತ್ರವಾದಿಗಳಿಗೆ ಕೊಡುತ್ತಿದ್ದರು. ಮಂತ್ರ ನಡೆಯುವುದು ಹಗಲು ಮಾತ್ರ. ಸಂಜೆಯಾದರೆ ಮಂತ್ರವಾದಿ ಕಟ್ಟು ಬಿಚ್ಚಿಬಿಡುತ್ತಾನೆ. ಇದನ್ನು ಓದಿ ನನಗೆ ನಗು ಬಂತು. ರಾತ್ರಿ ಕದ್ದು ಮುಳುಗುವವರನ್ನು ತಡೆಯಲು ಇದಕ್ಕಿಂತ ಒಳ್ಳೆಯ ಕಾವಲು ಯಾವುದಿದ್ದೀತು? ಹಗಲು ಶತ್ರುವಾದ ಶಾರ್ಕನ್ನೇ ರಾತ್ರಿ ತಳವಾರನನ್ನಾಗಿ ನೇಮಿಸಿದ್ದರು.

ಈ ಮಂತ್ರವಾದಿಗಳಿಗೆ ತಮಿಳಿನಲ್ಲಿ ಕಡಲ್‌ಕಟ್ಟಿ ಎಂದು ಹೆಸರು, ಕಡಲನ್ನು ಕಟ್ಟುವವರು ಎಂದರ್ಥ. ಅದು ತಂದೆಯಿಂದ ಮಗನಿಗೆ ಬರುವ ಹುದ್ದೆ. ಪೋರ್ಚುಗೀಸರು ಬಂದ ಮೇಲೆ, 16ನೇ ಶತಮಾನದಲ್ಲಿ, ಮುಳುಗುವ ಕಸುಬಿನ ಪರವರು ಸಾಮೂಹಿಕವಾಗಿ ಕ್ರೈಸ್ತರಾದರು. ಆದರೂ ಕಡಲ್‌ಕಟ್ಟಿಯ ಹುದ್ದೆ ಹೋಗಲಿಲ್ಲ. ಡಚ್ಚರು ಬಂದರು, ಇಂಗ್ಲಿಷರು ಬಂದರು. ಮಂತ್ರದಲ್ಲಿ ನಂಬಿಕೆಯಿಲ್ಲದ ಆ ಅಧಿಕಾರಿಗಳೂ 19ನೇ ಶತಮಾನದಲ್ಲಿ ಕಡಲ್‌ಕಟ್ಟಿಯನ್ನು ಬಿಡುವ ಧೈರ್ಯ ಮಾಡಲಿಲ್ಲ. ಅವನು ದಡದಲ್ಲಿಲ್ಲದಿದ್ದರೆ ಒಬ್ಬನೂ ನೀರಿಗೆ ಇಳಿಯುತ್ತಿರಲಿಲ್ಲ. ಆಗಿನ ಬರಹಗಳನ್ನು ನೋಡಿದರೆ ಶಾರ್ಕಿಗೆ ಬಲಿಯಾದವರ ಸಂಖ್ಯೆ ನಾವು ಊಹಿಸುವುದಕ್ಕಿಂತ ತೀರ ಕಡಿಮೆ. ನೂರಾರು ದೋಣಿಗಳ ಗದ್ದಲಕ್ಕೆ ಮೀನುಗಳು ದೂರ ಸರಿಯುತ್ತಿದ್ದವೆಂಬುದು ಒಂದು ವಿವರಣೆ. ಶಾರ್ಕ್ ನಿಜವಾಗಿಯೂ ಮನುಷ್ಯನನ್ನು ಹುಡುಕಿಕೊಂಡು ಬರುವ ಪ್ರಾಣಿಯಲ್ಲ ಎಂಬುದು ಇಂದಿನ ತಿಳಿವಳಿಕೆ.

ಹಾಗಾದರೆ ಕಡಲ್‌ಕಟ್ಟಿ ಮೋಸಗಾರನೇ? ಮೊದಲು ನಾನು ಹಾಗೆಯೇ ಅಂದುಕೊಂಡೆ. ಆಮೇಲೆ ನನ್ನ ಕೈ ನೋಡಿಕೊಂಡೆ. ಹಸಿರು ಬಳೆ ಹಾಕಿಕೊಂಡರೆ ಗಂಡನ ಆಯುಷ್ಯ ಹೆಚ್ಚುತ್ತದೆಂದು ನಾವು ನಂಬಿಲ್ಲವೇ? ಮಗಳು ಪರೀಕ್ಷೆಗೆ ಹೊರಟರೆ ಹಣೆಗೆ ಅಂಗಾರ ಹಚ್ಚುವುದಿಲ್ಲವೇ? ನಮ್ಮ ಕೈಯಲ್ಲಿಲ್ಲದ್ದನ್ನು ಯಾರಾದರೂ ಕಟ್ಟಿ ಹಿಡಿದಿದ್ದಾರೆಂಬ ಭರವಸೆ ಮನುಷ್ಯನಿಗೆ ಬೇಕು. ಕಡಲ್‌ಕಟ್ಟಿ ಮಾರುತ್ತಿದ್ದುದು ಅದನ್ನೇ. ನನಗೆ ಕಹಿಯೆನಿಸಿದ್ದು ಬೇರೆ. ಬಂಗಾಳದ ಹೆಣ್ಣೊಬ್ಬಳು ತನ್ನ ಗಂಡ ಬಾಳಲೆಂದು ತೊಡುವ ಬಳೆಗಾಗಿ, ತೆಂಕಣ ಕಡಲಿನಲ್ಲಿ ಇನ್ನೊಬ್ಬ ಹೆಣ್ಣಿನ ಗಂಡ ಉಸಿರು ಕಟ್ಟಿ ಇಳಿಯಬೇಕಿತ್ತು. ಈ ಹೆಣ್ಣಿಗೆ ಆ ಹೆಣ್ಣಿನ ಹೆಸರೂ ಗೊತ್ತಿರಲಿಲ್ಲ.

ನಮ್ಮ ಸೀಮೆಯೂ ಇದರಿಂದ ಹೊರಗಿರಲಿಲ್ಲ. ತುಂಗಭದ್ರೆಯ ಆಚೆ ದಡದ ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಮಹಾನವಮಿಯ ಮೆರವಣಿಗೆಯ ಹೆಂಗಸರನ್ನು ವರ್ಣಿಸಿದ್ದಾನೆ. ಮೈಮೇಲಿನ ಚಿನ್ನ, ರತ್ನ, ಮುತ್ತುಗಳ ಭಾರ ತಾಳಲಾರದೆ ಕೆಲವರನ್ನು ಬೇರೆ ಹೆಂಗಸರು ತೋಳು ಹಿಡಿದು ನಡೆಸಬೇಕಾಗಿತ್ತಂತೆ. ನಾವು ಶಾಲೆಯಲ್ಲಿ ಇದನ್ನು ವೈಭವವೆಂದು ಓದಿದೆವು. ವೈಭವವೇ ಹೌದು. ಆದರೆ ಆ ಒಂದೊಂದು ಮುತ್ತಿನ ಹಿಂದೆ ಶಾರ್ಕ್ ಇರುವ ನೀರಿನಲ್ಲಿ ಒಂದು ನಿಮಿಷವಿದೆ ಎಂದು ನಮಗೆ ಯಾರೂ ಹೇಳಲಿಲ್ಲ. ಮುತ್ತೈದೆ ಎನ್ನುವ ಮಾತಿನಲ್ಲೇ ಮುತ್ತು ಕೇಳಿಸುತ್ತದಲ್ಲ. ಈಗ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಕಡಲ ತಳದ ಆ ಕತ್ತಲೆಯೂ ನೆನಪಾಗುತ್ತದೆ. ತೂತುಕುಡಿಯ ಮುತ್ತಿನ ಬೇಟೆ 1961ರ ಹೊತ್ತಿಗೆ ನಿಂತಿತು. ಚಿಪ್ಪುಗಳೇ ಬರಿದಾಗಿದ್ದವು.

ಅಷ್ಟರಲ್ಲಿ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಮುಳುಗುವ ವಿದ್ಯೆಯೇ ಬದಲಾಗಿತ್ತು. 1943ರಲ್ಲಿ ಫ್ರಾನ್ಸಿನ ನೌಕಾಪಡೆಯ ಝಾಕ್ ಕೂಸ್ಟೊ ಮತ್ತು ಇಂಜಿನಿಯರ್ ಎಮಿಲ್ ಗಾನ್ಯಾನ್ ಸೇರಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿನಲ್ಲಿ ಉಸಿರಾಡುವ ಸಾಧನವನ್ನು ರೂಪಿಸಿದರು. ಸ್ಕೂಬಾ ಎಂದು ಈಗ ಕರೆಯುವುದು ಇದರ ವಂಶವನ್ನೇ. ಹತ್ತು ಮೀಟರು ಆಳಕ್ಕೆ ಹೋದರೆ ಮೈಮೇಲಿನ ಒತ್ತಡ ಎರಡರಷ್ಟಾಗುತ್ತದೆ. ಬಾಯಲ್ಲಿ ಕಚ್ಚಿಕೊಂಡ ಕವಾಟ ಅದಕ್ಕೆ ತಕ್ಕಷ್ಟು ಒತ್ತಡದ ಗಾಳಿಯನ್ನು ಕೊಡುತ್ತದೆ. ಹಳೆಯ ಮುಳುಗುಗಾರನ ಮೊದಲ ಪಾಠ, ಉಸಿರು ಹಿಡಿ. ಸ್ಕೂಬಾದ ಮೊದಲ ಪಾಠ ತದ್ವಿರುದ್ಧ: ಎಂದೂ ಉಸಿರು ಹಿಡಿಯಬೇಡ. ಮೇಲೇರುವಾಗ ಗಾಳಿ ಹಿಗ್ಗುತ್ತದೆ, ಹಿಡಿದಿಟ್ಟರೆ ಶ್ವಾಸಕೋಶವೇ ಹರಿಯಬಹುದು. ಒಂದು ನಿಮಿಷದ ಜಾಗದಲ್ಲಿ ಮುಕ್ಕಾಲು ಗಂಟೆ ಸಿಕ್ಕಿತು. ಮನುಷ್ಯ ಮೊದಲ ಬಾರಿಗೆ ಶಾರ್ಕಿನ ಎದುರು ನಿಂತು ಅದನ್ನು ನೋಡುವಷ್ಟು ಪುರುಸೊತ್ತು ಪಡೆದ.

ಪುರುಸೊತ್ತು ಬಂದ ಕೂಡಲೇ ಕರುಣೆ ಬರಲಿಲ್ಲ. ಕೂಸ್ಟೊನ ಪ್ರಸಿದ್ಧ ಚಿತ್ರ 'ಮೌನ ಲೋಕ' 1956ರಲ್ಲಿ ಬಂತು. ಅದರಲ್ಲಿ ಅವನ ಹಡಗಿನ ಚಕ್ರಕ್ಕೆ ಸಿಕ್ಕಿ ಒಂದು ತಿಮಿಂಗಿಲದ ಮರಿ ಗಾಯಗೊಳ್ಳುತ್ತದೆ. ಅದರ ರಕ್ತಕ್ಕೆ ಶಾರ್ಕ್‌ಗಳು ಬರುತ್ತವೆ. ಹಡಗಿನವರು ಸಿಟ್ಟಿಗೆದ್ದು ಆ ಶಾರ್ಕ್‌ಗಳನ್ನು ಎಳೆದು ಹಾಕಿ ಬಡಿದು ಕೊಲ್ಲುತ್ತಾರೆ. ಗಾಯ ಮಾಡಿದವರು ತಾವು, ಶಿಕ್ಷೆ ಮೀನಿಗೆ! ಮುಂದೆ 1975ರಲ್ಲಿ ಬಂದ 'ಜಾಸ್' ಎಂಬ ಇಂಗ್ಲಿಷ್ ಚಿತ್ರವಂತೂ ಶಾರ್ಕ್ ಎಂದರೆ ಕೊಲೆಗಾರ ಎಂಬ ಮಾತನ್ನು ಮನೆಮನೆಗೆ ಮುಟ್ಟಿಸಿತು. ಆ ಕಾದಂಬರಿ ಬರೆದ ಪೀಟರ್ ಬೆಂಚ್ಲಿ ಅದಕ್ಕಾಗಿ ಪಶ್ಚಾತ್ತಾಪಪಟ್ಟು, ಉಳಿದ ಆಯುಷ್ಯವನ್ನು ಶಾರ್ಕ್‌ಗಳ ಪರವಾಗಿ ಮಾತಾಡುವುದರಲ್ಲಿ ಕಳೆದ.

ಶಾರ್ಕನ್ನು ಬೇರೆ ಕಣ್ಣಿನಿಂದ ನೋಡಲು ಕಲಿಸಿದವರಲ್ಲಿ ಹೆಂಗಸರ ಪಾಲು ದೊಡ್ಡದು. ಇದನ್ನು ಹೇಳುವಾಗ ನನಗೆ ಹೆಮ್ಮೆ. ವಿಯೆನ್ನಾದ ಲೋಟೆ ಎಂಬ ಹುಡುಗಿ ಹಾನ್ಸ್ ಹಾಸ್ ಎಂಬ ಕಡಲ ಸಂಶೋಧಕನ ಕಚೇರಿಯಲ್ಲಿ ಕಾರ್ಯದರ್ಶಿಯಾಗಿದ್ದಳು. ತನ್ನ ತಂಡದಲ್ಲಿ ಹೆಣ್ಣು ಬೇಡವೆಂಬುದು ಅವನ ಹಟ. ಅವಳು ಅವನ ಸಲಕರಣೆಗಳನ್ನೇ ತೆಗೆದುಕೊಂಡು ಊರ ಬಳಿಯ ನೀರಿನಲ್ಲಿ ಮುಳುಗಿ, ಚಿತ್ರ ತೆಗೆದು ತೋರಿಸಿದಳು. 1950ರಲ್ಲಿ ಕೆಂಪು ಸಮುದ್ರದ ಯಾತ್ರೆಗೆ ಅವಳೂ ಹೊರಟಳು. ಶಾರ್ಕ್‌ಗಳಿರುವ ಆ ನೀರಿನಲ್ಲಿ ಅವಳು ಈಜುವುದನ್ನು ಸಿನಿಮಾದಲ್ಲಿ ಜಗತ್ತು ನೋಡಿತು.

ಅಮೆರಿಕದ ಯೂಜೀನಿ ಕ್ಲಾರ್ಕ್ ಕಥೆ ಇನ್ನೂ ಹತ್ತಿರದ್ದು. 1922ರಲ್ಲಿ ಹುಟ್ಟಿದಳು, ತಾಯಿ ಜಪಾನೀ ಮೂಲದವಳು. ಕೂಸಾಗಿದ್ದಾಗಲೇ ತಂದೆ ತೀರಿಹೋದ. ತಾಯಿ ಪತ್ರಿಕೆ ಮಾರುವ ಅಂಗಡಿಯಲ್ಲಿ ದುಡಿಯುತ್ತಿದ್ದಾಗ, ಶನಿವಾರ ಮಗಳನ್ನು ನ್ಯೂಯಾರ್ಕಿನ ಮತ್ಸ್ಯಾಲಯದಲ್ಲಿ ಬಿಟ್ಟು ಹೋಗುತ್ತಿದ್ದಳು. ಗಾಜಿಗೆ ಮೂಗು ಒತ್ತಿ ನಿಂತ ಆ ಹುಡುಗಿ ಮುಂದೆ ಮೀನುಗಳ ಮೇಲೆ ಡಾಕ್ಟರೇಟು ಪಡೆದಳು. ಮದುವೆಯಾಗಿ ಮಕ್ಕಳಾದರೆ ವಿಜ್ಞಾನಕ್ಕೆ ನೀನೇನು ಮಾಡೀಯೆ ಎಂದು ಕೇಳಿದವರಿದ್ದರು. ಅವಳು ನಾಲ್ಕು ಮಕ್ಕಳನ್ನೂ ಹೆತ್ತಳು, 1955ರಲ್ಲಿ ಫ್ಲಾರಿಡಾದಲ್ಲಿ ಒಂದು ಪ್ರಯೋಗಾಲಯವನ್ನೂ ಕಟ್ಟಿದಳು. ಹಲಗೆಯನ್ನು ಮೂತಿಯಿಂದ ಒತ್ತಿದರೆ ಆಹಾರ ಸಿಗುತ್ತದೆಂದು ಶಾರ್ಕ್‌ಗಳಿಗೆ ಕಲಿಸಿ, ಅವು ದಡ್ಡ ಕೊಲೆಗಾರರಲ್ಲವೆಂದು ತೋರಿಸಿದಳು. 1970ರ ದಶಕದಲ್ಲಿ ಮೆಕ್ಸಿಕೊ ಕಡಲಿನ ಗವಿಗಳಿಗೆ ಇಳಿದು, ದೊಡ್ಡ ಶಾರ್ಕ್‌ಗಳು ಅಲ್ಲಾಡದೆ ನೆಲದ ಮೇಲೆ ಮಲಗಿರುವುದನ್ನು ಅವುಗಳ ಪಕ್ಕದಲ್ಲೇ ಕೂತು ನೋಡಿದಳು. ಸದಾ ಈಜದಿದ್ದರೆ ಶಾರ್ಕ್ ಉಸಿರುಗಟ್ಟುತ್ತದೆ ಎಂದು ಅಲ್ಲಿಯವರೆಗೆ ಪುಸ್ತಕಗಳು ಹೇಳುತ್ತಿದ್ದವು. ತೊಂಬತ್ತು ದಾಟಿದ ಮೇಲೂ ಮುಳುಗುತ್ತಿದ್ದ ಆಕೆ 2015ರಲ್ಲಿ ತೀರಿಕೊಂಡಳು. ಆಸ್ಟ್ರೇಲಿಯಾದ ವ್ಯಾಲರಿ ಟೇಲರ್ ಬಾಲ್ಯದಲ್ಲಿ ಪೋಲಿಯೋ ಅನುಭವಿಸಿದವಳು. ಡರ್ಬನ್ ಕಡಲಿನಲ್ಲಿ ತಿಮಿಂಗಿಲದ ಹೆಣಕ್ಕೆ ಮುತ್ತಿದ ಹತ್ತಾರು ದೊಡ್ಡ ಶಾರ್ಕ್‌ಗಳ ನಡುವೆ, ಗಂಡನೊಂದಿಗೆ ಕಬ್ಬಿಣದ ಪಂಜರದ ಬಾಗಿಲು ತೆರೆದು ಹೊರಬಂದಳು. 1971ರಲ್ಲಿ ಬಂದ ಚಿತ್ರದಲ್ಲಿ ಅದು ದಾಖಲಾಗಿದೆ. ಶಾರ್ಕ್ ಕಂಡರೆ ಓಡಬೇಡ, ನೀರು ಬಡಿಯಬೇಡ, ಎದುರಾಗಿ ನಿಂತು ಅದರ ಮೇಲೆ ಕಣ್ಣಿಡು ಎಂದು ಮುಳುಗುವವರಿಗೆ ಈಗ ಕಲಿಸುವ ಪಾಠಗಳ ಹಿಂದೆ ಇಂಥವರ ಅನುಭವವಿದೆ.

ಈಗ ಭಯ ಪಡಬೇಕಾದದ್ದು ಯಾರು? ಜಗತ್ತಿನಲ್ಲಿ ಶಾರ್ಕ್ ಕಚ್ಚಿ ಸಾಯುವವರು ವರ್ಷಕ್ಕೆ ಬೆರಳೆಣಿಕೆಯಷ್ಟು. ಮನುಷ್ಯ ಕೊಲ್ಲುವ ಶಾರ್ಕ್‌ಗಳ ಸಂಖ್ಯೆ ವರ್ಷಕ್ಕೆ ಸುಮಾರು 10 ಕೋಟಿ ಎಂದು 2013ರ ಒಂದು ಅಂದಾಜು. ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳು 1970ರಿಂದ ಈಚೆಗೆ ನೂರಕ್ಕೆ 71ರಷ್ಟು ಕಡಿಮೆಯಾಗಿವೆ ಎಂದು 2021ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. ನಮ್ಮ ಕರಾವಳಿಯಲ್ಲಿ ಬಾಣಂತಿಗೆ ಹಾಲು ಹೆಚ್ಚಲೆಂದು ತಾಟೆ ಮರಿಯ ಸಾರು ಮಾಡಿ ಕೊಡುವುದುಂಟು. ಅಷ್ಟಕ್ಕೇ ನಿಂತಿದ್ದರೆ ಮೀನಿಗೆ ಈ ಗತಿ ಬರುತ್ತಿರಲಿಲ್ಲ. ಪರದೇಶದ ಸೂಪಿಗಾಗಿ ರೆಕ್ಕೆ ಕತ್ತರಿಸುವ ವ್ಯಾಪಾರ, ದೊಡ್ಡ ಬಲೆಯ ದೋಣಿಗಳು ಬಂದವು. ಶಾರ್ಕ್ ನಿಧಾನ ಬೆಳೆಯುವ, ಬಹಳ ವರ್ಷಕ್ಕೆ ಪ್ರಾಯಕ್ಕೆ ಬರುವ ಮೀನು; ಹೋದಷ್ಟು ಬೇಗ ತುಂಬಿ ಬರುವುದಿಲ್ಲ.

ಗುಜರಾತಿನ ಕಥೆ ಮಾತ್ರ ಮನಸ್ಸಿಗೆ ಹಿತ ಕೊಡುತ್ತದೆ. ಮೀನುಗಳಲ್ಲೆಲ್ಲ ದೊಡ್ಡದಾದ ತಿಮಿಂಗಿಲ ಶಾರ್ಕ್ ಅಲ್ಲಿನ ತೀರಕ್ಕೆ ಬರುತ್ತದೆ. ನಮ್ಮ ಬಸ್ಸಿನಷ್ಟು ಉದ್ದ ಬೆಳೆಯುವ ಈ ಪ್ರಾಣಿ ತಿನ್ನುವುದು ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು, ಸಣ್ಣ ಮೀನುಗಳನ್ನು. 1990ರ ದಶಕದಲ್ಲಿ ಅವನ್ನು ಅಲ್ಲಿ ನೂರಾರು ಸಂಖ್ಯೆಯಲ್ಲಿ ಕೊಕ್ಕೆ ಹಾಕಿ ಎಳೆದು ಕೊಂದರು. ಮೈಕ್ ಪಾಂಡೆ ಅವರು 2000ದಲ್ಲಿ ಅದನ್ನು ಚಿತ್ರವಾಗಿ ಮಾಡಿ ತೋರಿಸಿದರು. 2001ರಲ್ಲಿ ಸರ್ಕಾರ ಅದಕ್ಕೆ ಹುಲಿ, ಆನೆಗಳಷ್ಟೇ ಕಾನೂನಿನ ರಕ್ಷಣೆ ಕೊಟ್ಟಿತು. ಆದರೆ ಕಾನೂನಿನಿಂದ ಆಗದ್ದು ಒಂದು ಹೆಸರಿನಿಂದ ಆಯಿತು. 2004ರಲ್ಲಿ ನಡೆದ ಅಭಿಯಾನದಲ್ಲಿ ರಾಮಕಥೆ ಹೇಳುವ ಮೊರಾರಿ ಬಾಪು ಅವರು ಆ ಮೀನನ್ನು ವ್ಹಾಲಿ, ಅಂದರೆ ಮುದ್ದಿನ ಮಗಳು ಎಂದು ಕರೆದರು. ಬಾಣಂತನಕ್ಕೆ ತವರಿಗೆ ಬಂದ ಮಗಳನ್ನು ಯಾರಾದರೂ ಕೊಲ್ಲುತ್ತಾರೆಯೇ ಎಂದು ಕೇಳಿದರು. ಆಮೇಲೆ ಅದೇ ಬೆಸ್ತರು ಬಲೆಗೆ ಬಿದ್ದ ತಿಮಿಂಗಿಲ ಶಾರ್ಕ್‌ಗಳನ್ನು ಬಲೆ ಕೊಯ್ದು ಬಿಡತೊಡಗಿದರು. ಬಲೆಯ ನಷ್ಟಕ್ಕೆ ಪರಿಹಾರದ ವ್ಯವಸ್ಥೆಯೂ ಆಯಿತು. ಹೀಗೆ ನೂರಾರು ಮೀನುಗಳು ಉಳಿದಿವೆ. ತವರು ಎಂಬ ಮಾತಿಗೆ ಇರುವ ಶಕ್ತಿ ಯಾವ ಮಂತ್ರಕ್ಕಿದೆ?

ಅಶೋಕನೂ ಇಂಥದೊಂದು ಪಟ್ಟಿ ಮಾಡಿದ್ದ. ಮಸ್ಕಿಯಲ್ಲಲ್ಲ, ಉತ್ತರದ ಸ್ತಂಭಶಾಸನದಲ್ಲಿ. ಕೊಲ್ಲಬಾರದ ಪ್ರಾಣಿಗಳ ಆ ಪಟ್ಟಿಯಲ್ಲಿ 'ಎಲುಬಿಲ್ಲದ ಮೀನು' ಎಂದು ಒಂದಿದೆ. ಅದು ಯಾವ ಮೀನೆಂದು ವಿದ್ವಾಂಸರು ವಾದಿಸುತ್ತಾರೆ. ಶಾರ್ಕಿನ ಮೈಯಲ್ಲಿ ಎಲುಬೇ ಇಲ್ಲ, ಇರುವುದೆಲ್ಲ ನಮ್ಮ ಕಿವಿಯಲ್ಲಿರುವಂಥ ಮೃದ್ವಸ್ಥಿ. ನಾನು ವಿದ್ವಾಂಸಳಲ್ಲ. ಮಸ್ಕಿಯ ಬಂಡೆಯ ಮುಂದೆ ಬಸ್ಸು ಹಾಯುವಾಗ, ಆ ಮೀನು ಇದೇ ಇರಲಿ ಎಂದು ಆಸೆಪಡುತ್ತೇನೆ, ಅಷ್ಟೆ.

ಓದುವುದು ಬೇರೆ, ಕಣ್ಣಾರೆ ಕಾಣುವುದು ಬೇರೆ. ಪುನೀತ್ ರಾಜ್‌ಕುಮಾರ್ ತೀರಿಕೊಂಡ ಒಂದು ವರ್ಷಕ್ಕೆ, 2022ರ ಅಕ್ಟೋಬರಿನಲ್ಲಿ, 'ಗಂಧದ ಗುಡಿ' ಚಿತ್ರ ಬಂತು. ಅದರಲ್ಲಿ ಅವರು ನೇತ್ರಾಣಿಯ ಬಳಿ ಕಡಲೊಳಗೆ ಇಳಿಯುವುದನ್ನು ನೋಡಿ ಬಂದ ನನ್ನ ತಂಗಿಯ ಮಗಳು, ತಾನೂ ಇಳಿಯುತ್ತೇನೆಂದು ಹಟ ಹಿಡಿದಳು. ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ಸಣ್ಣ ದ್ವೀಪ. ಮಳೆಗಾಲ ಕಳೆದ ಮೇಲೆ ಅಲ್ಲಿ ಸ್ಕೂಬಾ ನಡೆಯುತ್ತದೆ. ಹೆಚ್ಚಾಗಿ ಕಾಣುವುದು ಹವಳ, ಬಣ್ಣದ ಮೀನು. ಅದೃಷ್ಟವಿದ್ದರೆ ಸಣ್ಣ ಶಾರ್ಕ್, ತೀರ ಅಪರೂಪಕ್ಕೆ ತಿಮಿಂಗಿಲ ಶಾರ್ಕ್. ನನ್ನ ತಂಗಿ ಒಪ್ಪಲಿಲ್ಲ. "ಮೊಸಳಿಗೆ ಅಂಜಿ ಬೆಳದ ಮನಿತನ ನಮ್ಮದು, ಶಾರ್ಕಿನ ಬಾಯಿಗೆ ಹೋಗ್ತೀಯೇನು?" ಎಂದು ಅತ್ತಳು. ಇಷ್ಟೆಲ್ಲ ಓದಿಕೊಂಡಿದ್ದ ನಾನು ಧೈರ್ಯ ಹೇಳಿ ಜೊತೆಗೆ ಹೊರಟೆ.

ದೋಣಿಯಲ್ಲಿ ಹೋಗುವವರೆಗೂ ಧೈರ್ಯವಿತ್ತು. ಹುಡುಗಿ ಕನ್ನಡಕ ಹಾಕಿಕೊಂಡು, ಬಾಯಿಗೆ ಆ ಕವಾಟ ಕಚ್ಚಿಕೊಂಡು, ಕಲಿಸುವವನ ಜೊತೆ ನೀರಿಗೆ ಇಳಿದು ಮರೆಯಾದಳು. ಮೇಲೆ ಬರೀ ಗುಳ್ಳೆಗಳು. ನಾನು ಓದಿದ ಅಂಕಿಸಂಖ್ಯೆಗಳೆಲ್ಲ ಆ ಕ್ಷಣ ತಲೆಯಿಂದ ಹೋದವು. ಗುಳ್ಳೆ ಬಂದರೆ ಉಸಿರಿದೆ ಎಂದು ಲೆಕ್ಕ ಹಾಕುತ್ತ ಕೂತೆ. ಅಂಗೈ ಸುಮ್ಮನೆ ಮುಚ್ಚಿ ತೆರೆಯುತ್ತಿತ್ತು. ಏನನ್ನೋ ಹಿಡಿದುಕೊಳ್ಳಬೇಕೆನ್ನಿಸುತ್ತಿತ್ತು. ಆಮೇಲೆ ತಿಳಿಯಿತು, ಹಗ್ಗ. ಮನ್ನಾರಿನ ದೋಣಿಯಲ್ಲಿ ನಿಂತವನಿಗೆ ಕೈಯಲ್ಲಿ ಹಗ್ಗವಾದರೂ ಇತ್ತು. ಅವನ ಮನೆಯಲ್ಲಿ ಕಾದವಳಿಗೆ ಅದೂ ಇರಲಿಲ್ಲ. ಸಂಜೆ ದೋಣಿ ಬರುವವರೆಗೆ ಕಡಲ್‌ಕಟ್ಟಿಯ ಮಂತ್ರವೊಂದೇ ಅವಳ ಹಗ್ಗ. ಆ ಅರ್ಧ ಗಂಟೆ, ನಾನು ಮೂಢನಂಬಿಕೆ ಎಂದು ನಕ್ಕಿದ್ದ ಆ ಮನುಷ್ಯ ದೋಣಿಯಲ್ಲಿದ್ದಿದ್ದರೆ ನನ್ನ ಗಳಿಕೆಯ ಇಪ್ಪತ್ತನೇ ಒಂದು ಪಾಲಲ್ಲ, ಅರ್ಧವನ್ನೇ ಕೊಟ್ಟುಬಿಡುತ್ತಿದ್ದೆ.

ಹುಡುಗಿ ಮೇಲೆ ಬಂದಳು. ಶಾರ್ಕ್ ಕಾಣಲಿಲ್ಲವೆಂದು ಅವಳಿಗೆ ಬೇಸರ. ನನಗೆ ಅವಳ ಮುಖ ಕಂಡದ್ದೇ ಸಾಕಾಗಿತ್ತು. ಆದರೂ ಹಿಂತಿರುಗುವಾಗ ಒಂದು ಮಾತು ಅಂದುಕೊಂಡೆ. ಅವಳು ಇಳಿದದ್ದು ಹೊಟ್ಟೆಪಾಡಿಗಲ್ಲ, ಯಾರದೋ ಬಳೆಗೂ ಅಲ್ಲ. ದುಡ್ಡು ಕೊಟ್ಟು, ನೋಡುವ ಆಸೆಯಿಂದ ಇಳಿದಳು. ನೋಡಬೇಕಾದ ಮೀನೇ ಕಡಲಿನಲ್ಲಿ ಅಪರೂಪವಾಗುತ್ತಿದೆ. ಹಿಂದಿನವರು ಶಾರ್ಕ್ ಬಾರದಿರಲಿ ಎಂದು ಬೇಡಿಕೊಂಡು ಮುಳುಗಿದರು. ಇಂದಿನವರು ಬರಲಿ ಎಂದು ಬೇಡಿಕೊಂಡು ಮುಳುಗುತ್ತಾರೆ.

ಸಿಂಧನೂರಿಗೆ ಬಂದ ಮೇಲೆ ಬೌದಿಗೆ ಇದನ್ನೆಲ್ಲ ಹೇಳಿದೆ. ಅವಳು ಈಗಲೂ ಬರುತ್ತಾಳೆ, ತರಕಾರಿ ಹೊರುವುದು ಮಗನ ಪಾಲಿಗೆ ಬಂದಿದೆ. ಮನ್ನಾರಿನ ಕೊಲ್ಲಿ, ಕಲ್ಲು, ಹಗ್ಗ, ದೊಡ್ಡ ಮೀನು, ಮಸ್ಕಿಯ ದಿಬ್ಬ ಎಲ್ಲವನ್ನೂ ಕೇಳಿದಳು. ಬರಿಗೈಯನ್ನು ಇನ್ನೊಂದು ಕೈಯಿಂದ ಸವರಿಕೊಂಡಳು, ಬಳೆ ಇದ್ದ ಕಡೆ. ಇಷ್ಟು ವರ್ಷ ತೊಟ್ಟದ್ದು ಎಲ್ಲಿಂದ ಬಂತೆಂದು ತನಗೆ ಗೊತ್ತಿರಲಿಲ್ಲ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಆ ಹುಡುಗಿ ಮ್ಯಾಲ ಬಂದಳಲ್ಲ?"

"ಬಂದಳು."

"ಸಾಕು ಬಿಡ್ರಿ" ಎಂದು ಪುಟ್ಟಿ ಎತ್ತಿಕೊಂಡಳು.